ಚಿಪ್ಪಿನೊಳಗಿನ ಪ್ರಾಣಿ

ಕಡಲ ತೀರದಲ್ಲಿ ಆಯ್ದ ಚಿಪ್ಪು ಸಾಮಾನ್ಯವಾಗಿ ಬರಿದಾಗಿರುತ್ತದೆ. ಪ್ರಾಣಿಯು ಸತ್ತೊಡನೆ ಅದರ ಮಾಂಸವು ಕೊಳೆಯತೊಡಗುವುದೇ ಇದಕ್ಕೆ ಕಾರಣ. ಶಿಲೆಗಳಲ್ಲಿ ದೊರೆಯುವ ಪಳೆಯುಳಿಕೆಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಗಟ್ಟಿಯಾದ ಕವಚ ಉಳಿಯುತ್ತದೆ. ಅದರೊಳಗೆ ಬಾಳಿದ ಜೀವಿಯ ಮೈ ಅಳಿದುಹೋಗುತ್ತದೆ. ಹಾಗಾದರೆ ಕೋಟ್ಯಂತರ ವರ್ಷಗಳ ಹಿಂದಿನ ಚಿಪ್ಪುಪ್ರಾಣಿಯ ಮೈಯನ್ನು ನಾವು ಕಾಣುವುದು ಸಾಧ್ಯವೆ?

ಸಾಧ್ಯವೆಂಬುದನ್ನು ಇಂಗ್ಲೆಂಡಿನ ಹೆರೆಫರ್ಡ್‌ಷೈರ್ ಪ್ರಾಂತದ ಶಿಲೆಗಳು ತೋರಿಸಿಕೊಟ್ಟಿವೆ. ಅಲ್ಲಿನ ಪಳೆಯುಳಿಕೆಗಳ ಮೊದಲ ವರದಿ 1996ರಲ್ಲಿ ಪ್ರಕಟವಾಯಿತು. ಸುಮಾರು 43 ಕೋಟಿ ವರ್ಷಗಳ ಹಿಂದೆ, ಸೈಲೂರಿಯನ್ ಯುಗದಲ್ಲಿ, ಆ ಪ್ರದೇಶವು ಕಡಲಿನ ಅಡಿಯಲ್ಲಿತ್ತು. ಜ್ವಾಲಾಮುಖಿ ಉಗುಳಿದ ನಯವಾದ ಬೂದಿ ಕಡಲ ತಳಕ್ಕಿಳಿದು ಅಲ್ಲಿದ್ದ ಸಣ್ಣ ಜೀವಿಗಳನ್ನು ಹೂತುಬಿಟ್ಟಿತು.

ಮುಂದೆ ನಡೆದುದು ಕಂಚುಗಾರನ ಎರಕದ ಕೆಲಸವನ್ನು ಹೋಲುತ್ತದೆ. ಅವನು ಮೇಣದ ಬೊಂಬೆಗೆ ಮಣ್ಣನ್ನು ಮೆತ್ತಿ ಕಾಯಿಸುತ್ತಾನೆ. ಮೇಣ ಕರಗಿ ಹೊರಬಿದ್ದ ಮೇಲೆ ಆ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುತ್ತಾನೆ. ಇಲ್ಲಿ ಬೂದಿಯೇ ಮಣ್ಣು, ಮಾಂಸವೇ ಮೇಣ. ಮೈ ಕೊಳೆತು ತೆರವಾದ ಎಡೆಯಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಹರಳುಗಟ್ಟಿ ತುಂಬಿಕೊಂಡಿತು. ಸುತ್ತಲೂ ಸುಣ್ಣದ ಅಂಶದಿಂದಲೇ ಗಟ್ಟಿಯಾದ ಉಂಡೆಯೊಂದು ಬೆಳೆದು ಅದನ್ನು ಕಾಪಾಡಿತು. ಆದುದರಿಂದ ಇಲ್ಲಿ ಉಳಿದಿರುವುದು ಮಾಂಸವಲ್ಲ, ಮಾಂಸದ ಆಕಾರ ಮಾತ್ರ.

ಈ ಆಕಾರವನ್ನು ಹೊರತೆಗೆಯುವುದು ಸುಲಭವಲ್ಲ. ಉಂಡೆಯಲ್ಲಿಯೂ ಪಳೆಯುಳಿಕೆಯಲ್ಲಿಯೂ ಇರುವುದು ಸುಣ್ಣವೇ. ಆಮ್ಲದಲ್ಲಿಟ್ಟರೆ ಎರಡೂ ಕರಗುತ್ತವೆ. ಆದುದರಿಂದ ವಿಜ್ಞಾನಿಗಳು ಉಂಡೆಯನ್ನು ಪದರಪದರವಾಗಿ ತೇಯುತ್ತಾರೆ. ಒಂದು ಮಿಲಿಮೀಟರ್ ದಪ್ಪವನ್ನು 20ರಿಂದ 50 ಸಲ ತೇಯ್ದು, ಪ್ರತಿ ಸಲವೂ ಹೊಸದಾಗಿ ಕಾಣುವ ಮುಖದ ಛಾಯಾಚಿತ್ರವನ್ನು ತೆಗೆಯುತ್ತಾರೆ. ಬಳಿಕ ಗಣಕಯಂತ್ರವು ಆ ಚಿತ್ರಗಳನ್ನೆಲ್ಲ ಜೋಡಿಸಿ ಪ್ರಾಣಿಯ ಪೂರ್ಣರೂಪವನ್ನು ಕಟ್ಟಿಕೊಡುತ್ತದೆ. ಅಷ್ಟರಲ್ಲಿ ಪಳೆಯುಳಿಕೆಯು ಪುಡಿಯಾಗಿ ಹೋಗಿರುತ್ತದೆ! ಉಳಿಯುವುದು ಚಿತ್ರಗಳಷ್ಟೆ. ಒಂದು ಪದರದಲ್ಲಿ ತಪ್ಪಿದರೆ ಅದನ್ನು ಮತ್ತೆ ನೋಡುವ ಅವಕಾಶವಿಲ್ಲ.

ಇಂತಹ ಬೆಲೆಯನ್ನು ತೆತ್ತು ಪಡೆದ ಲಾಭವೇನು? 2005ರಲ್ಲಿ ಸಟನ್, ಬ್ರಿಗ್ಸ್ ಮತ್ತು ಸಿವೆಟರ್ ಸೋದರರು ಬೀಥಿಯಾ ಎಂಬ ಬ್ರೇಕಿಯೊಪಾಡನ್ನು ವರ್ಣಿಸಿದರು. ಬ್ರೇಕಿಯೊಪಾಡುಗಳು ಕಪ್ಪೆಚಿಪ್ಪಿನಂತೆ ಎರಡು ಹೋಳಿನ ಕವಚವುಳ್ಳವಾದರೂ ಬೇರೆಯೇ ವರ್ಗದ ಪ್ರಾಣಿಗಳು. ಬೀಥಿಯಾದಲ್ಲಿ ನೀರಿನಿಂದ ಆಹಾರವನ್ನು ಸೋಸಿಕೊಳ್ಳುವ ಅಂಗವೂ, ನೆಲೆಗೆ ಅಂಟಿಕೊಳ್ಳುವ ತೊಟ್ಟೂ, ಆ ತೊಟ್ಟಿನ ಬೇರಿನಂತಹ ಎಳೆಗಳೂ ಕಂಡುಬಂದವು. ಈ ತೊಟ್ಟಿನ ರಚನೆಯು ಇಂದು ಬದುಕಿರುವ ಅದರ ಬಂಧುಗಳ ತೊಟ್ಟಿನಂತಿಲ್ಲ.

ಇಂದಿನ ಜೀವಿಗಳನ್ನು ಕಂಡು ಪ್ರಾಚೀನ ಜೀವಿಗಳ ಮೈಯೂ ಹೀಗೆಯೇ ಇದ್ದಿತೆಂದು ಊಹಿಸುವುದು ನಮ್ಮ ವಾಡಿಕೆ. ಬರಿಯ ಚಿಪ್ಪು ಉಳಿದಿದ್ದರೆ ಬೀಥಿಯಾದ ವಿಷಯದಲ್ಲಿಯೂ ಹಾಗೆಯೇ ಊಹಿಸುತ್ತಿದ್ದೆವು. ಊಹೆ ತಪ್ಪೆಂದು ತಿಳಿಯುತ್ತಲೂ ಇರಲಿಲ್ಲ.