ಕಾರಿಗಿಂತ ಮೊದಲು ಆರ್‌ಸಿ ನೋಡು

ಸೆಕೆಂಡ್ ಹ್ಯಾಂಡ್ ಕಾರು ನೋಡ್ತಾ ಇದ್ದೀಯ ಅಂತ ನಿಮ್ಮಪ್ಪ ಹೇಳಿದ. ಸಂತೋಷ ಮಗೂ. ಮೈತುಂಬ ಸಾಲ ಮಾಡಿ ಹೊಸದು ತರೋದಕ್ಕಿಂತ ಐದಾರು ವರ್ಷ ಓಡಿದ ಗಾಡಿ ಸಾಕು ಅಂದೆಯಂತೆ, ಅದು ಇನ್ನೂ ಸಂತೋಷ. ಆದರೆ ಆ ಡೀಲರು ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ, ಒಂದು ಗೀರೂ ಇಲ್ಲ’ ಅಂದನಂತಲ್ಲ, ಅದಕ್ಕೇ ಈ ನಾಲ್ಕು ಮಾತು. ಬೆಂಗಳೂರಲ್ಲಿ ಮಾರಾಟಕ್ಕೆ ನಿಂತ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆಗಳಲ್ಲಿ ಯಾರಿದ್ದರೋ ದೇವರೇ ಬಲ್ಲ.

ಎಲ್ಲ ಡೀಲರುಗಳೂ ಮೋಸಗಾರರಲ್ಲ. ಕಾಗದ ಕೇಳಿದರೆ ಮುಖ ಸಿಂಡರಿಸದೆ ತಂದು ಮುಂದಿಡುವವರೂ ಇದ್ದಾರೆ. ಹಳೇ ವಾಹನ ಮಾರುವವರು ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು ಅಂತ 2023ರ ಏಪ್ರಿಲ್ 1ರಿಂದ ನಿಯಮವೇ ಇದೆ. ‘ನಿಮ್ಮದು ತೋರಿಸ್ತೀರಾ?’ ಅಂತ ನಯವಾಗಿ ಕೇಳು. ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಗಮನಿಸು.

ನೀವು ಹುಡುಗರು ಎಂಜಿನ್ ಶಬ್ದ, ಪಿಕಪ್ಪು, ಮೈಲೇಜು ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಎಂಜಿನ್ ಕೈಕೊಟ್ಟರೆ ದುಡ್ಡು ಹೋಗುತ್ತದೆ, ಅಷ್ಟೆ. ಕಾಗದ ಕೈಕೊಟ್ಟರೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕು. ಅದಕ್ಕೇ ಗಾಡಿ ನೋಡಲು ಹೋಗುವ ಮೊದಲೇ ನಂಬರ್ ಕೇಳಿಕೊಂಡು ಎಂಪರಿವಾಹನ್ ಆ್ಯಪಿನಲ್ಲಿ ಹಾಕು. ಎಷ್ಟನೇ ಓನರ್, ಸಾಲ ಇದೆಯಾ, ಇನ್ಶೂರೆನ್ಸ್ ಯಾವತ್ತಿನವರೆಗೆ, ಎಲ್ಲ ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅದನ್ನೂ ಮಾರುವವರಿಂದಲೇ ಕಟ್ಟಿಸು. ‘ಲೋನ್ ಕ್ಲಿಯರ್ ಆಗಿದೆ, ಬ್ಯಾಂಕ್ ಎನ್‌ಒಸಿ ಬರ್ತಾ ಇದೆ’ ಅಂದರೆ, ಬಂದ ಮೇಲೆ ಬರ್ತೀನಿ ಅಂತ ಹೇಳಿ ಎದ್ದು ಬಾ. ಎನ್‌ಒಸಿ ಒಂದೇ ಸಾಲದು, ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಗಾಡಿ ಮೇಲೆ ಕೊರೆದಿರುವ ಚಾಸಿ ನಂಬರನ್ನು ಆರ್‌ಸಿ ಹಿಡಿದುಕೊಂಡು ಒಂದೊಂದೇ ಅಂಕಿ ಓದು. ಅಲ್ಲಿ ಉಜ್ಜಿದ ಗುರುತು ಕಂಡರೆ ಚೌಕಾಸಿಯೂ ಬೇಡ.

ದೆಹಲಿ ಗಾಡಿ ಬಹಳ ಅಗ್ಗ ಅನ್ನುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಕಟ್ಟುಪಾಡು ಬಂದ ಮೇಲೆ ಇಂಥವು ದಕ್ಷಿಣಕ್ಕೂ ಹರಿದು ಬಂದವು. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ಹೊಸ ಕೆಎ ನಂಬರು, ಇವೆಲ್ಲದರ ಖರ್ಚು ಸೇರಿಸಿ ಲೆಕ್ಕ ಹಾಕು. ಅಗ್ಗ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಇನ್ನು ಮೀಟರ್. ಅದರಲ್ಲಿ 38 ಸಾವಿರ ಕಿಲೋಮೀಟರ್ ಅಂತಿದ್ದು ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ, ಸ್ಟೀರಿಂಗ್ ಪಳಪಳ ಅನ್ನುತ್ತಿದ್ದರೆ ಮೀಟರನ್ನು ನಂಬಬೇಡ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒರಿಜಿನಲ್ ಟೈರ್ ಅಂತ ತೋರಿಸಿದ್ದು ಕಾರು ಹುಟ್ಟಿ ಮೂರು ವರ್ಷದ ಮೇಲೆ ತಯಾರಾಗಿದ್ದರೆ ಕೇಳಬೇಕಾದ್ದು ಬಹಳ ಇದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಯಾವ ದಿನ ಎಷ್ಟು ಕಿಲೋಮೀಟರಿಗೆ ಸರ್ವಿಸ್ ಆಯಿತು ಅನ್ನುವ ದಾಖಲೆ ಇರುತ್ತದೆ, ಮಾಲೀಕನ ಕೈಲೇ ತರಿಸು. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್ ನೋಡು. ಐದು ವರ್ಷದಿಂದ ಒಬ್ಬನ ಕೈಲೇ ಇರುವ ಕಾರಿಗೆ ಬೋನಸ್ ಸೊನ್ನೆ ಇದ್ದರೆ, ಹಿಂದಿನ ವರ್ಷ ಏನಾಯಿತು ಅಂತ ಕೇಳುವ ಹಕ್ಕು ನಿನಗಿದೆ.

2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರಿನ ಕಡೆ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತದ್ದು ನೆನಪಿದೆಯಲ್ಲ? ನೀರು ಕುಡಿದ ಗಾಡಿ ಪಾಲಿಶ್ ಹೊಡೆಸಿಕೊಂಡು ಸಂತೆಗೆ ಬರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆದು ನೋಡು. ಶೋರೂಮಿನ ಹುಡುಗ ಮೇಲಿನ ಅರ್ಧ ತೊಳೆದಿರುತ್ತಾನೆ, ಸುರುಳಿಯೊಳಗಿನ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ ನೋಡು. ಒಳಗೆ ಸೆಂಟು ಘಮ್ಮೆಂದರೆ ಅನುಮಾನ ಪಡು.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗು. ನೀನು ಬರುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ನಮ್ಮ ಪರಿಚಯದ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗು, ಅವರು ಕರೆಸುವವನು ಬೇಡ.

ಎಲ್ಲ ಒಪ್ಪಿಗೆಯಾದರೂ ಕೊನೆಗೊಂದು ತಕರಾರು ಉಳಿಯುತ್ತದೆ: ‘ಸಹಿ ಮಾಡಿದ ಫಾರಂ 29, 30 ಇದೆ, ಟ್ರಾನ್ಸ್‌ಫರ್ ನಿಧಾನಕ್ಕೆ ಮಾಡಿಸ್ಕೊಳ್ಳಿ’ ಅನ್ನುತ್ತಾರೆ. ಒಪ್ಪಬೇಡ. ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ಅರ್ಜಿ ಕೊಡಬೇಕು. ನಿನ್ನ ಹಳೇ ಬೈಕನ್ನು ಎಕ್ಸ್‌ಚೇಂಜಿಗೆ ಬಿಟ್ಟರೂ ಇದೇ ಎಚ್ಚರ ಇರಲಿ. ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದಾಗ, ಆರ್‌ಸಿಯಲ್ಲಿ ಹೆಸರಿದ್ದ ಮೊದಲಿನವನೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದುಡ್ಡು ಬ್ಯಾಂಕ್ ಮೂಲಕವೇ ಕೊಡು. ‘ಇವತ್ತೇ ಟೋಕನ್ ಹಾಕಿ, ಸಂಜೆ ಇನ್ನೊಬ್ಬರು ಬರ್ತಾರೆ’ ಅಂದರೆ ಬರಲಿ ಬಿಡು, ಅವರೇ ತಗೊಳ್ಳಲಿ. ಗಾಡಿ ನಂಬರ್ ಸಿಕ್ಕಿದ ಕೂಡಲೇ ನನಗೂ ಕಳಿಸು, ಒಟ್ಟಿಗೆ ನೋಡೋಣ.