ಮನಸ್ಸಿನ ಭಾರಕ್ಕೆ ತಕ್ಕಡಿ ಉಂಟೆ?
ಚೀನದ ಕಾಲೇಜು ವಿದ್ಯಾರ್ಥಿಗಳಿಂದ ಒಂದು ಪಾಠ

ಮೈ ಕಾದರೆ ನೋಡಲು ಥರ್ಮಾಮೀಟರು ಇದೆ. ಅಕ್ಕಿಯನ್ನು ತೂಗಲು ತಕ್ಕಡಿ ಇದೆ. ಆದರೆ ಒಬ್ಬನ ಮನಸ್ಸು ಎಷ್ಟು ಕುಗ್ಗಿದೆ, ಬದುಕೇ ಬೇಡವೆನ್ನುವ ಮಟ್ಟಿಗೆ ಕುಗ್ಗಿದೆಯೇ ಎಂಬುದನ್ನು ಅಳೆಯುವುದು ಹೇಗೆ? ಚೀನ ದೇಶದ ವಿಶ್ವವಿದ್ಯಾನಿಲಯಗಳು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿವೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಯನ್ನು ಕೊಟ್ಟು ಅವರ ಮನಃಸ್ಥಿತಿಯನ್ನು ಪರೀಕ್ಷಿಸುವುದು ಅಲ್ಲಿ ರೂಢಿಯಾಗಿದೆ. ಅದರ ಕ್ರಮವನ್ನೂ ಮಿತಿಯನ್ನೂ ಅರಿಯುವುದು, ದೂರದ ಊರುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೂ ಉಪಯುಕ್ತ.

ಹಿನ್ನೆಲೆ

ಚೀನದಲ್ಲಿ ಕಾಲೇಜಿನ ಬಾಗಿಲು ‘ಗಾವ್‌ಕಾವ್’ ಎಂಬ ಒಂದೇ ಪ್ರವೇಶ ಪರೀಕ್ಷೆ. ನಡುವೆ ನಿಂತುಹೋಗಿದ್ದ ಈ ಪರೀಕ್ಷೆ 1977ರಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು ಒಂದು ಕೋಟಿ ಮೂವತ್ತನಾಲ್ಕು ಲಕ್ಷ ಮಂದಿ. ಇದರ ಜೊತೆಗೆ, 1980ರ ಸುಮಾರಿನಿಂದ 2015ರವರೆಗೆ ಅಲ್ಲಿ ಒಂದೇ ಮಗುವಿನ ನಿಯಮವಿತ್ತು. ಹೀಗಾಗಿ ಅನೇಕ ಮನೆಗಳಲ್ಲಿ ತಂದೆತಾಯಿಗಳ ಮತ್ತು ನಾಲ್ವರು ಅಜ್ಜ ಅಜ್ಜಿಯರ ಆಸೆಯೆಲ್ಲ ಒಂದೇ ಮಗುವಿನ ಹೆಗಲೇರಿತು. ಅಂಥ ಮಗು ಹಾಸ್ಟೆಲಿಗೆ ಬಂದು, ಊರಿಗೆ ಮೊದಲಿಗನಾಗಿದ್ದ ತಾನು ಇಲ್ಲಿ ನೂರರಲ್ಲಿ ಒಬ್ಬನೆಂದು ಕಂಡಾಗ ಆಗುವ ಸಂಕಟವನ್ನು ಊಹಿಸಬಹುದು.

ಎರಡು ಬಗೆಯ ಅಳತೆ

ಮೊದಲನೆಯದು ಅಪಾಯದ ಅಳತೆ. ಆಗಸ್ಟಿನ್ ಒಸ್ಮಾನ್ ಮತ್ತು ಸಂಗಡಿಗರು 2001ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆ: ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಹಿಂದೆಂದಾದರೂ ಇತ್ತೇ? ಕಳೆದ ವರ್ಷದಲ್ಲಿ ಆ ಯೋಚನೆ ಎಷ್ಟು ಸಲ ಬಂತು? ಯಾರಿಗಾದರೂ ಹೇಳಿದ್ದುಂಟೇ? ಮುಂದೆ ಹಾಗಾಗುವ ಸಂಭವ ಎಷ್ಟು? ಒಟ್ಟು ಅಂಕ 3ರಿಂದ 18. ಕಾಲೇಜು ವಿದ್ಯಾರ್ಥಿಗಳಲ್ಲಿ 7 ಅಥವಾ ಹೆಚ್ಚು ಬಂದರೆ ಎಚ್ಚರ ಬೇಕೆಂದು ಅವರು ಸೂಚಿಸಿದರು.

ಎರಡನೆಯದು ಕ್ಷೇಮದ ಅಳತೆ. ಅಮೆರಿಕದ ಕ್ಯಾರಲ್ ರಿಫ್ ಎಂಬ ವಿದುಷಿ 1989ರಲ್ಲಿ ಮನಃಕ್ಷೇಮಕ್ಕೆ ಆರು ಅಂಗಗಳನ್ನು ಹೇಳಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಡನೆ ಒಳ್ಳೆಯ ಸಂಬಂಧ, ಸ್ವಂತ ನಿರ್ಧಾರದ ಶಕ್ತಿ, ಸುತ್ತಲಿನ ವ್ಯವಹಾರವನ್ನು ನಿಭಾಯಿಸುವ ಶಕ್ತಿ, ಬಾಳಿಗೊಂದು ಗುರಿ ಮತ್ತು ಬೆಳವಣಿಗೆ. ರೋಗವಿಲ್ಲದ ಮಾತ್ರಕ್ಕೆ ಆರೋಗ್ಯವಿದೆ ಎನ್ನಲಾಗದು. ಸಾಯುವ ಯೋಚನೆ ಇಲ್ಲದವನಿಗೂ ಬದುಕಿನಲ್ಲಿ ರುಚಿ ಇಲ್ಲದಿರಬಹುದು. ಆದಕಾರಣ ಎರಡು ಅಳತೆಗಳೂ ಬೇಕು.

ಪ್ರಶ್ನೆ ಊರಿಗೆ ಒಗ್ಗಬೇಕು

ಒಂದು ದೇಶದ ಪ್ರಶ್ನೆಯನ್ನು ಇನ್ನೊಂದು ದೇಶದ ಭಾಷೆಗೆ ತಂದರೆ ಸಾಲದು. ಚೀನದ ಹುನಾನ್ ಪ್ರಾಂತದಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ವೈದ್ಯರು ನರದೌರ್ಬಲ್ಯವೆಂದು ಹೆಸರಿಸಲಾಗಿದ್ದ 100 ರೋಗಿಗಳನ್ನು ಪರೀಕ್ಷಿಸಿ, 1982ರಲ್ಲಿ ಆ ವಿವರವನ್ನು ಪ್ರಕಟಿಸಿದರು. ಅವರಲ್ಲಿ 87 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಆದರೆ ಅವರು ವೈದ್ಯರ ಮುಂದೆ ಮುಖ್ಯವಾಗಿ ಹೇಳಿಕೊಳ್ಳುತ್ತಿದ್ದುದು ತಲೆನೋವು, ನಿದ್ರೆಗೇಡು, ನಿಶ್ಶಕ್ತಿಗಳನ್ನೇ. ‘ನಿನಗೆ ದುಃಖವೇ?’ ಎಂದಷ್ಟೇ ಕೇಳುವ ಪ್ರಶ್ನಾವಳಿ ಇಂಥವರನ್ನು ಬಿಟ್ಟುಬಿಡುತ್ತದೆ. ಹಾಗೆಯೇ, ತಂದೆಯ ಮಾತಿಗೆ ತಲೆಬಾಗುವ ಹುಡುಗನಿಗೆ ‘ಸ್ವಂತ ನಿರ್ಧಾರ’ದಲ್ಲಿ ಕಡಿಮೆ ಅಂಕ ಬರಬಹುದು, ಅದು ಮನಸ್ಸಿನ ದೌರ್ಬಲ್ಯವೋ ಮನೆಯ ಮರ್ಯಾದೆಯೋ ಎಂಬುದನ್ನು ಅಂಕ ಹೇಳಲಾರದು.

ಒಂದು ಲೆಕ್ಕ

ಈಗ ಒಂದು ಲೆಕ್ಕ ಹಾಕೋಣ. ಇಲ್ಲಿಯ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ಒಂದು ಕಾಲೇಜಿನಲ್ಲಿ 1,000 ವಿದ್ಯಾರ್ಥಿಗಳು. ನಿಜವಾಗಿ ಅಪಾಯದಲ್ಲಿರುವವರು 20. ಪರೀಕ್ಷೆಯು ಅಂಥವರಲ್ಲಿ ನೂರಕ್ಕೆ 80ರಂತೆ ಗುರುತಿಸಿದರೆ 16 ಮಂದಿ ಸಿಕ್ಕರು, 4 ಮಂದಿ ತಪ್ಪಿಹೋದರು. ಉಳಿದ 980 ಮಂದಿಯಲ್ಲಿ ನೂರಕ್ಕೆ 10ರಂತೆ ತಪ್ಪಾಗಿ ಗುರುತಿಸಿದರೆ 98 ಮಂದಿ ಸೇರಿದರು. ಪಟ್ಟಿಯಲ್ಲಿ ಒಟ್ಟು 114. ಅವರಲ್ಲಿ ನಿಜವಾದ ಅಪಾಯದವರು ಏಳಕ್ಕೆ ಒಬ್ಬರು.

ಇದರಿಂದ ಎರಡು ಮಾತು ತಿಳಿಯುತ್ತವೆ. ಪಟ್ಟಿಗೆ ಸೇರಿದವನನ್ನು ‘ಇವನು ಹೀಗೆ’ ಎಂದು ಮುದ್ರೆಯೊತ್ತುವುದು ಅನ್ಯಾಯ. ಸೇರದವನನ್ನು ‘ಇವನಿಗೇನೂ ಇಲ್ಲ’ ಎಂದು ಮರೆಯುವುದು ಅಪಾಯ. ಅಲ್ಲದೆ ಸೆಪ್ಟೆಂಬರಿನಲ್ಲಿ ತುಂಬಿದ ಕಾಗದ ಸೆಪ್ಟೆಂಬರಿನ ಮನಸ್ಸನ್ನು ಮಾತ್ರ ಹೇಳುತ್ತದೆ. ಪರೀಕ್ಷೆಯಲ್ಲಿ ನಪಾಸಾದ ದಿನದ ಮನಸ್ಸನ್ನು ಹೇಳುವುದಿಲ್ಲ. ಹೆಸರು ಬರೆದುಕೊಡಬೇಕಾದ ಕಾಗದದಲ್ಲಿ, ವಿಷಯ ಮನೆಗೆ ಮುಟ್ಟೀತೆಂಬ ಅಂಜಿಕೆಯಿಂದ ನಿಜವನ್ನು ಮುಚ್ಚಿಡುವವರೂ ಇರುತ್ತಾರೆ.

ಅಳತೆಯ ಮುಂದಿನ ಕೆಲಸ

ಹಾಗಾದರೆ ಅಳತೆ ವ್ಯರ್ಥವೇ? ಅಲ್ಲ. ಯಾರೊಡನೆ ಮೊದಲು ಕೂತು ಮಾತನಾಡಬೇಕೆಂಬುದನ್ನು ಅದು ತೋರಿಸುತ್ತದೆ. ಅಂಕದ ನಂತರ ಬಲ್ಲವರೊಬ್ಬರು ಗುಟ್ಟನ್ನು ಕಾಪಾಡಿ, ಸಮಾಧಾನದಿಂದ ಮಾತನಾಡಿಸಿದಾಗಲೇ ಪರೀಕ್ಷೆ ಪೂರ್ತಿಯಾಗುತ್ತದೆ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಅನೇಕರು ಹೆದರುತ್ತಾರೆ. ಅಧ್ಯಯನಗಳು ಈ ಹೆದರಿಕೆಯನ್ನು ಸಮರ್ಥಿಸಿಲ್ಲ. ಕೇಳಿದ್ದರಿಂದ ಎಷ್ಟೋ ಮಂದಿಗೆ ಮನಸ್ಸು ಹಗುರವಾಗುತ್ತದೆ.

ವಾಚಕರು ಗಮನಿಸಬೇಕು: ಈ ಪ್ರಶ್ನಾವಳಿಗಳನ್ನು ಮನೆಯಲ್ಲಿ ಮಕ್ಕಳ ಮೇಲೆ ಪ್ರಯೋಗಿಸಿ ತೀರ್ಪು ಕೊಡತಕ್ಕದ್ದಲ್ಲ. ಮಗನೋ ಮಗಳೋ, ಕೋಣೆಯ ಜೊತೆಗಾರನೋ ನಿದ್ರೆಗೆಟ್ಟು, ಮಾತು ಬಿಟ್ಟು, ‘ನಾನು ಎಲ್ಲರಿಗೂ ಭಾರ’ ಎನ್ನತೊಡಗಿದರೆ ಬಯ್ಯದೆ ಕೇಳಬೇಕು. ಅಪಾಯ ಕಂಡರೆ ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ-ಮಾನಸ್’ ದೂರವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ, ಶುಲ್ಕವಿಲ್ಲದೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಮಾತನಾಡಬಹುದು. ತಮಗೇ ಅಂಥ ಯೋಚನೆ ಬರುತ್ತಿದ್ದವರೂ ಸಂಕೋಚಪಡದೆ ಇದನ್ನು ಬಳಸಿಕೊಳ್ಳಬೇಕು.

ಮನನಕ್ಕೆ

1. ಅಪಾಯದ ಅಳತೆಯೊಂದೇ ಏಕೆ ಸಾಲದು?
2. ಮೇಲಿನ ಲೆಕ್ಕದಲ್ಲಿ ಅಪಾಯದವರು 20ರ ಬದಲು 50 ಆಗಿದ್ದರೆ ಪಟ್ಟಿ ಹೇಗಿರುತ್ತಿತ್ತು? ಹಾಕಿ ನೋಡಿರಿ.
3. ನಮ್ಮ ಮಾತಿನಲ್ಲಿ ಮನಸ್ಸಿನ ಸಂಕಟವನ್ನು ಮೈಯ ನೋವಾಗಿ ಹೇಳುವ ಬಗೆಗಳು ಯಾವುವು?