ಮಸೂತಿಯ ರೊಟ್ಟಿ ಆನ್‌ಲೈನ್‌ನಲ್ಲಿ

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕೆನ್ನುವ ಮಸೂತಿಯ ಅಕ್ಕಂದಿರೇ, ಮೊದಲೇ ವೆಬ್‌ಸೈಟ್‌ಗೆ ದುಡ್ಡು ಸುರಿಯಬೇಡಿ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್ ಉಚಿತ; ಆರಂಭಕ್ಕೆ ಅಷ್ಟು ಸಾಕು. ಆದರೆ ತಿನಿಸು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು. ಅದರ 14 ಅಂಕಿಯ ಸಂಖ್ಯೆ, ತೂಕ, ತಯಾರಿಸಿದ ದಿನಾಂಕ ಪೊಟ್ಟಣದ ಮೇಲಿರಲಿ. ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ, ಜಿಎಸ್‌ಟಿ ನೋಂದಣಿ ಇಲ್ಲದೆಯೂ ದೊಡ್ಡ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶವಿದೆ. ಅದಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಬೇಕು.

ನನ್ನ ದೊಡ್ಡ ಚಿಂತೆ ರೊಟ್ಟಿ ಮುರಿಯುವುದರದ್ದು. ಪೂರ್ತಿ ಆರಿಸಿ, ಗಾಳಿಯಾಡದ ಚೀಲಕ್ಕೆ ಹಾಕಿ, ಗಟ್ಟಿ ರಟ್ಟಿನ ಡಬ್ಬಿಯಲ್ಲಿಟ್ಟು, ಅಲುಗದಂತೆ ಸುತ್ತ ಕಾಗದ ತುರುಕಿ. ಮೊದಲ ಪಾರ್ಸೆಲ್ ಬೆಂಗಳೂರಿನ ನೆಂಟರಿಗೇ ಕಳಿಸಿ, ಎಷ್ಟು ಮುರಿದವೆಂದು ಫೋಟೊ ತರಿಸಿಕೊಳ್ಳಿ. ದರ ಹೇಳುವಾಗ ಕೊರಿಯರ್ ಖರ್ಚಿನ ಜೊತೆ ನಿಮ್ಮ ಕೂಲಿಯನ್ನೂ ಸೇರಿಸಿ, ಅಕ್ಕಾ.